ತಪ್ಪು ಜಾಗದಲ್ಲಿ ನಕ್ಕ ಊರು

ಹೇಡನ್‌ಶಾ ಊರಿನ ನೇಯ್ಗೆ ಮಿಲ್ಲಿನಲ್ಲಿ ಒಂದೇ ಸೂರಿನಡಿ ಎಂಟುನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಪಕ್ಕದಲ್ಲಿ ನಿಂತವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳದು. ಹಾಗಂತ ಹೆಂಗಸರು ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ? ದನಿಯ ಗೊಡವೆಯೇ ಬೇಡವೆಂದು ಬರೀ ತುಟಿಯಲ್ಲಿ ಮಾತಾಡುವುದನ್ನು ಅವರು ಅಜ್ಜಿಯರ ಕಾಲದಿಂದಲೂ ರೂಢಿ ಮಾಡಿಕೊಂಡಿದ್ದರು. ಈ ಸಾಲಿನವಳು ಆಚೆ ಸಾಲಿನವಳಿಗೆ ನಲವತ್ತು ಅಡಿ ದೂರದಿಂದ, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಯಾರ ಗಂಡ ಯಾವ ಹೊತ್ತಿಗೆ ಮನೆಗೆ ಬಂದ, ಎಲ್ಲವನ್ನೂ ಹೇಳಿ ಮುಗಿಸುವಳು. ಮೇಸ್ತ್ರಿ ಇಬ್ಬರ ನಡುವೆಯೇ ನಿಂತಿದ್ದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಬಹುಮಟ್ಟಿಗೆ ಮಾತು ಅವನ ಬಗ್ಗೆಯೇ ಆಗಿರುತ್ತಿತ್ತು.

ಆಲ್ಮಾ ಹಾವರ್ತ್ ಹದಿನಾಲ್ಕನೆಯ ವಯಸ್ಸಿಗೆ ಆ ಮಿಲ್ಲು ಸೇರಿದವಳು. ಈ ಕಥೆ ನಡೆದ ಐವತ್ತೈದನೇ ಇಸವಿಯಲ್ಲಿ ಅವಳಿಗೆ ಮೂವತ್ತಾರು. ಮದುವೆಯಾಗಿರಲಿಲ್ಲ. ತಾಯಿ ಆ್ಯನಿಸ್ ಅದೇ ಮಿಲ್ಲಿನಲ್ಲಿ ನಲವತ್ತೊಂದು ವರ್ಷ ನೆಯ್ದು, ಎರಡು ಕಿವಿಗಳನ್ನೂ ಅಲ್ಲೇ ಬಿಟ್ಟು ಮನೆಗೆ ಬಂದಿದ್ದಳು. ಪಕ್ಕದಲ್ಲಿ ಪಿರಂಗಿ ಹಾರಿಸಿದರೂ ತಿರುಗಿ ನೋಡುವವಳಲ್ಲ. ಆಲ್ಮಾಳ ಎಡಗಿವಿಯೂ ಎರಡು ವರ್ಷದಿಂದ ಮಂಕಾಗುತ್ತ ಬಂದಿತ್ತು. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಗಡಿಯಾರವನ್ನು ಎಡಗಿವಿಗೆ ಹಿಡಿದು ನೋಡುವಳು. ಕೇಳಿದರೆ ಆ ದಿನಕ್ಕೆ ಸಮಾಧಾನ, ಕೇಳದಿದ್ದರೆ ರಾತ್ರಿಯವರೆಗೂ ಅದೇ ಚಿಂತೆ.

ಶುಕ್ರವಾರ ಸಂಜೆ ಮಾತ್ರ ಈ ಚಿಂತೆ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅವತ್ತು ತಾಯಿ ಮಗಳಿಬ್ಬರೂ ಗ್ಲೋರಿಯಾ ಟಾಕೀಸಿಗೆ ಹೋಗುವ ದಿನ. ಆರನೇ ಸಾಲಿನಲ್ಲಿ ಅವರ ಜಾಗ ಖಾಯಂ. ಆ್ಯನಿಸ್‌ಗೆ ಸಿನಿಮಾ ನೋಡಲು ಕಿವಿ ಬೇಕಾಗಿರಲಿಲ್ಲ, ತೆರೆಯ ಮೇಲಿನವರ ತುಟಿಗಳೇ ಅವಳಿಗೆ ಸಾಕು. ನಟರು ಬೆನ್ನು ತಿರುಗಿಸಿದಾಗ ಮಾತ್ರ ಮಗಳ ತೊಡೆ ತಿವಿಯುವಳು. ಆಲ್ಮಾ ಮುಖ ತಿರುಗಿಸಿ ತುಟಿಯಲ್ಲಿ ಹೇಳುವಳು.

ಆ ಕಾಲದ ನಗೆಚಿತ್ರಗಳೆಂದರೆ ಈಗಲೂ ಆ ಕಡೆಯ ಮುದುಕಿಯರ ಮುಖ ಅರಳುತ್ತದೆ. ಬಣ್ಣವಿಲ್ಲ, ಹೊಡೆದಾಟವಿಲ್ಲ. ಒಂದು ಸಣ್ಣ ಊರು, ಒಬ್ಬ ಪಾದ್ರಿ, ಸೈಕಲ್ ಮೇಲೆ ಒಬ್ಬ ದಪ್ಪ ಪೊಲೀಸಿನವನು, ಚರ್ಮದ ಚೀಲ ಹಿಡಿದು ಲಂಡನ್ನಿನಿಂದ ಇಳಿದ ಒಬ್ಬ ಅಧಿಕಾರಿ. ಅಧಿಕಾರಿ ಏನನ್ನೋ ಮಾಡಕೂಡದು ಅನ್ನುತ್ತಾನೆ. ಊರಿನವರು ಆಗಲಿ ಸ್ವಾಮಿ ಅಂದು ಅದನ್ನೇ ಮಾಡುತ್ತಾರೆ. ಇಷ್ಟೇ ಕಥೆ. ಯುದ್ಧ ಮುಗಿದು ಎಷ್ಟೋ ವರ್ಷದವರೆಗೂ ಸಕ್ಕರೆಗೂ ಬೆಣ್ಣೆಗೂ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಜನಕ್ಕೆ, ಚೀಟಿಗೆ ಮೊಹರು ಒತ್ತುವವನು ಬಾತುಕೋಳಿಗಳ ಕೆರೆಗೆ ಬೀಳುವುದನ್ನು ನೋಡುವುದಕ್ಕಿಂತ ದೊಡ್ಡ ಸುಖ ಯಾವುದಿತ್ತು?

ಇಂಥ ಚಿತ್ರಗಳಲ್ಲೆಲ್ಲ ಒಬ್ಬ ನಟ ತಪ್ಪದೆ ಇರುತ್ತಿದ್ದ. ಹೆಸರು ಅಂಬ್ರೋಸ್ ಟಿಡ್‌ಮಾರ್ಶ್. ಕುರಿಯಂಥ ಉದ್ದ ಮುಖ, ಬೋಳು ತಲೆ, ಬಾಗಿದ ಬೆನ್ನು. ಕಥಾನಾಯಕನಲ್ಲ. ಏಣಿಯಿಂದ ಜಾರುವವನು, ಹಿಟ್ಟಿನ ಮೂಟೆಯ ಕೆಳಗೆ ಸಿಕ್ಕುವವನು, ಪಾದ್ರಿಯ ಹೆಂಡತಿಯ ಟೋಪಿಯ ಮೇಲೆ ಕೂರುವವನು ಅವನೇ. ಅವನು ತೆರೆಯ ಮೂಲೆಯಲ್ಲಿ ಕಾಣಿಸಿಕೊಂಡರೆ ಸಾಕು, ಆ್ಯನಿಸ್ ನಗಲು ಶುರುಮಾಡುವಳು. ಅವಳ ನಗು ಅವಳಿಗೆ ಕೇಳದು, ಉಳಿದ ಇಡೀ ಟಾಕೀಸಿಗೆ ಕೇಳುತ್ತಿತ್ತು. ಮಿಲ್ಲಿನ ಸೈರನ್ನೂ ಆ್ಯನಿಸ್‌ಳ ನಗುವೂ ಒಂದೇ ತಾಯಿಯ ಮಕ್ಕಳು ಎಂದು ಟಾಕೀಸಿನ ಮ್ಯಾನೇಜರ್ ಕ್ರ್ಯಾಬ್‌ಟ್ರೀ ಹೇಳುತ್ತಿದ್ದ.

ಆ ಸೆಪ್ಟೆಂಬರಿನಲ್ಲಿ ಗ್ಲೋರಿಯಾಕ್ಕೆ ಒಂದು ಹೊಸ ಚಿತ್ರ ಬಂತು. ಒಂದು ಹಳ್ಳಿಯ ಚರ್ಚಿನ ಗಂಟೆಯನ್ನು ಸರ್ಕಾರ ದೊಡ್ಡ ಊರಿಗೆ ಸಾಗಿಸಬೇಕೆಂದು ಹೊರಡುತ್ತದೆ. ಹಳ್ಳಿಯವರು ತಮ್ಮ ಗಂಟೆಯನ್ನು ತಾವೇ ಕದ್ದು ಬಚ್ಚಿಡುತ್ತಾರೆ. ಗಂಟೆಗೆ ಕೂಸಿನ ಕುಲಾವಿ ತೊಡಿಸಿ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುವಾಗ ಪೊಲೀಸಿನವನು ಬಗ್ಗಿ ಕೂಸಿಗೆ ಮುತ್ತು ಕೊಡುತ್ತಾನೆ. ಒಂದು ರಾತ್ರಿ ಅದನ್ನು ಪಾದ್ರಿಯ ಹಾಸಿಗೆಯಲ್ಲಿ ಹೊದಿಕೆ ಹೊದಿಸಿ ಮಲಗಿಸುತ್ತಾರೆ. ಮೈಗೆ ತಣ್ಣಗೆ ತಗಲಿದ್ದೇ ಪಾದ್ರಿ, ಸತ್ತ ಹೆಂಡತಿ ಬಂದಳೆಂದು ಎದ್ದು ಓಡುತ್ತಾನೆ. ಟಾಕೀಸು ಬಿದ್ದು ಬಿದ್ದು ನಕ್ಕಿತು.

ಕೊನೆಗೆ ಆ ದೃಶ್ಯ ಬಂತು. ಗಂಟೆ ಸಿಕ್ಕಿಬಿದ್ದಿದೆ. ಅದನ್ನು ಒಯ್ಯಲು ಲಾರಿ ಬಂದಿದೆ. ಗಂಟೆ ಬಾರಿಸುವ ಮುದುಕ, ಅಂದರೆ ನಮ್ಮ ಟಿಡ್‌ಮಾರ್ಶ್, ಚರ್ಚಿನ ಅಂಗಳದಲ್ಲಿ ಅದರ ಪಕ್ಕ ನಿಂತು ಬೀಳ್ಕೊಡುತ್ತಿದ್ದಾನೆ. ಬೀಸುಗಾಳಿ, ಎದುರಿಗೆ ಮರಗಳು ತೂಗುತ್ತಿವೆ. ಅವನ ದನಿ ಮೆಲ್ಲಗೆ ಕೇಳುತ್ತದೆ. "ಎಪ್ಪತ್ತು ವರ್ಷ ನೀನು ಕೂಗಿದೆ, ನಾನು ಎದ್ದೆ. ನಾಳೆಯಿಂದ ನನ್ನ ಯಾರು ಎಬ್ಬಿಸ್ತಾರೆ?" ಅವನ ಉದ್ದ ಮುಖ ನಡುಗುತ್ತದೆ, ಕಣ್ಣಿನಿಂದ ನಿಜವಾದ ನೀರು ಧಾರೆಯಾಗಿ ಇಳಿಯುತ್ತದೆ. ಲಂಡನ್ನಿನ ಪತ್ರಿಕೆಗಳು ಈ ಒಂದು ನಿಮಿಷವನ್ನು ಹಾಡಿ ಹೊಗಳಿದ್ದವು. ಇಷ್ಟು ದಿನ ಕೆರೆಗೆ ಬೀಳುತ್ತಿದ್ದವನೊಳಗೆ ಇಂಥ ನಟನಿದ್ದನೇ ಎಂದು ಬರೆದಿದ್ದವು.

ಹೇಡನ್‌ಶಾದಲ್ಲಿ ಆ ನಿಮಿಷಕ್ಕೆ ಏನಾಯಿತೆಂದರೆ, ಮೊದಲು ನಾಲ್ಕನೇ ಸಾಲಿನಲ್ಲಿದ್ದ ಕ್ಲಾರಿಸ್ ಎಂಟ್ವಿಸಲ್ ಗೊರಕೆಯಂಥ ಒಂದು ಸದ್ದು ಮಾಡಿದಳು. ಕ್ಲಾರಿಸ್ ಆಲ್ಮಾಳ ಪಕ್ಕದ ಮಗ್ಗದವಳು, ಬಾಲ್ಯದ ಗೆಳತಿ. ಅವಳ ಹಿಂದೆಯೇ ಇಡೀ ಟಾಕೀಸಿನ ಹೆಂಗಸರು ಒಟ್ಟಿಗೆ ಸಿಡಿದರು. ಒಬ್ಬಳ ಟೋಪಿ ಬಿತ್ತು. ಒಬ್ಬಳು ಕುರ್ಚಿಯಿಂದಲೇ ಜಾರಿದಳು. ಗಂಡಸರು ಕಣ್ಣೊರೆಸಿಕೊಳ್ಳಲು ತೆಗೆದ ಕರವಸ್ತ್ರ ಕೈಯಲ್ಲೇ ಹಿಡಿದು, ಇಂಗು ತಿಂದ ಮಂಗನ ಹಾಗೆ ಅತ್ತ ಇತ್ತ ನೋಡಿದರು.

ಏಕೆಂದರೆ ಟಿಡ್‌ಮಾರ್ಶ್‌ನ ತುಟಿಗಳು ಹೇಳುತ್ತಿದ್ದುದೇ ಬೇರೆ.

"ಅಯ್ಯಯ್ಯೋ, ಹೆಬ್ಬೆರಳು! ಈ ಹಾಳು ಗಂಟೆ ನನ್ನ ಕಾಲಿನ ಹೆಬ್ಬೆರಳ ಮೇಲೆ ಕೂತಿದೆ ಕಣ್ರೋ! ಎತ್ರೋ, ಕತ್ತೆ ಮಕ್ಕಳಾ, ಎತ್ರೋ!" ಇದರ ಜೊತೆಗೆ ಇನ್ನೂ ನಾಲ್ಕು ಮಾತು. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಿಲ್ಲಿನ ಹೆಂಗಸರೂ ಅವನ್ನು ಮೇಸ್ತ್ರಿಗೆ ಮಾತ್ರ ಬಳಸುತ್ತಿದ್ದರು. ಗಾಳಿಯ ಗದ್ದಲದಲ್ಲಿ ಹೊರಾಂಗಣದ ದನಿ ಕೆಟ್ಟಿರಬೇಕು. ಮುಖಭಾವ ಅಷ್ಟು ಚೆನ್ನಾಗಿ ಬಂದಿದ್ದರಿಂದ ಕಂಪನಿಯವರು ಚಿತ್ರವನ್ನು ಹಾಗೇ ಇಟ್ಟುಕೊಂಡು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದರು. ಎಲ್ಲೆಲ್ಲೂ ಅದು ನಡೆದುಹೋಯಿತು. ಮಗ್ಗದವರ ಊರಿನಲ್ಲಿ ನಡೆಯಲಿಲ್ಲ.

ಆಟ ಬಿಟ್ಟಾಗ ಕ್ರ್ಯಾಬ್‌ಟ್ರೀ ಬಾಗಿಲಲ್ಲೇ ನಿಂತಿದ್ದ. ಗಿಡ್ಡ ಮನುಷ್ಯ, ಕೊರಳಿಗೆ ಬೋ ಟೈ. ಟಾಕೀಸನ್ನು ಚರ್ಚಿನ ಹಾಗೆ ನೋಡಿಕೊಳ್ಳುವವನು.

"ಏನಮ್ಮಾ ಆಲ್ಮಾ ಇದು? ಅಳೋ ಜಾಗದಲ್ಲಿ ನಗ್ತೀರಲ್ಲ, ನಿಮಗೆಲ್ಲ ಏನಾಯ್ತು?"

ಆಲ್ಮಾಳ ಮುಖ ಕೆಂಪೇರಿತು. "ಏನಿಲ್ಲ ಮಿಸ್ಟರ್ ಕ್ರ್ಯಾಬ್‌ಟ್ರೀ. ಯಾಕೋ ನಗು ಬಂತು."

"ನಾನೂರು ಜನಕ್ಕೆ ಒಟ್ಟಿಗೆ ಯಾಕೋ ಬಂತಾ?"

"ಒಬ್ರಿಗೆ ಬಂದ್ರೆ ಇನ್ನೊಬ್ರಿಗೆ ಅಂಟುತ್ತೆ ನೋಡಿ, ನೆಗಡಿ ಹಾಗೆ," ಎಂದು ಕ್ಲಾರಿಸ್ ನಡುವೆ ಬಾಯಿ ಹಾಕಿ ಗೆಳತಿಯನ್ನು ಎಳೆದುಕೊಂಡು ಹೋದಳು.

ಕ್ರ್ಯಾಬ್‌ಟ್ರೀ ಮಾರನೆಯ ದಿನ ರೀಲನ್ನು ಅಡಿ ಅಡಿಯಾಗಿ ಬೆಳಕಿಗೆ ಹಿಡಿದು ನೋಡಿದ. ತೆರೆಯ ಮೇಲೆ ಕಲೆ ಇದೆಯೇ ಎಂದು ಏಣಿ ಹತ್ತಿ ನೋಡಿದ. ದೃಶ್ಯದ ಹೊತ್ತಿಗೆ ಬೆಕ್ಕು ಏನಾದರೂ ವೇದಿಕೆಯ ಮೇಲೆ ಓಡಾಡುತ್ತದೆಯೇ ಎಂದು ಎರಡು ಸಂಜೆ ಪರದೆಯ ಹಿಂದೆ ಅಡಗಿ ಕುಳಿತ. ಏನೂ ಸಿಗಲಿಲ್ಲ. ಹೆಂಗಸರು ಬಾಯಿ ಬಿಡಲಿಲ್ಲ. ಹೇಳುವ ಮಾತಾದರೂ ಅದೇ? ಅಲ್ಲದೆ, ಜಗತ್ತಿನಲ್ಲಿ ತಮಗೊಬ್ಬರಿಗೇ ಗೊತ್ತಿರುವ ಒಂದು ತಮಾಷೆಯನ್ನು ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಸುತ್ತಲ ಮಿಲ್ಲಿನ ಊರುಗಳಿಂದ ಬಸ್ಸು ಬಸ್ಸು ತುಂಬಿ ನೇಕಾರ ಹೆಂಗಸರು ಬಂದರು. ಬೇರೆ ಕಡೆ ವಾರಕ್ಕೇ ಸುಸ್ತಾದ ಚಿತ್ರ ಗ್ಲೋರಿಯಾದಲ್ಲಿ ನಾಲ್ಕನೇ ವಾರಕ್ಕೆ ಕಾಲಿಟ್ಟಿತು. ತಲೆ ಕೆಟ್ಟ ಕ್ರ್ಯಾಬ್‌ಟ್ರೀ ಕಂಪನಿಗೆ ಕಾಗದ ಬರೆದ. ನಿಮ್ಮ ಚಿತ್ರ ಇಲ್ಲಿ ತುಂಬಿದ ಟಾಕೀಸಿನಲ್ಲಿ ಓಡುತ್ತಿದೆ, ಆದರೆ ನಮ್ಮ ಜನ ಮುದುಕನ ಕಣ್ಣೀರಿಗೆ ನಗುತ್ತಾರೆ, ಕಾರಣ ತಿಳಿದರೆ ದಯವಿಟ್ಟು ತಿಳಿಸಿ.

ಆ್ಯನಿಸ್ ಮೂರನೇ ಸಲ ಚಿತ್ರ ನೋಡಿ ಬಂದ ಸಂಜೆ ಏನೋ ಯೋಚನೆಯಲ್ಲಿದ್ದಳು. ಆಲ್ಮಾ ಮೀನು-ಚಿಪ್ಸಿನ ಪೊಟ್ಟಣ ಬಿಚ್ಚಿ, ವಿನಿಗರ್ ಚಿಮುಕಿಸಿ ಮುಂದಿಟ್ಟರೂ ಕೈ ಹಾಕಲಿಲ್ಲ.

"ಏನಮ್ಮ? ಮೈ ಸರಿ ಇಲ್ವಾ?"

"ಆ ಮುದುಕ ಕೊನೆಗೆ ಇನ್ನೊಂದು ಮಾತು ಹೇಳ್ತಾನೆ, ನೋಡಿದ್ಯಾ?"

"ಯಾವುದು? ಕತ್ತೆ ಮಕ್ಕಳು ಅನ್ನೋದಾ?"

"ಅದಾದ ಮೇಲೆ. ನೀವೆಲ್ಲ ಆಗ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿರ್ತೀರ, ಎಲ್ಲಿಂದ ನೋಡ್ತೀರ? ನಾನೂ ಮೊದಲೆರಡು ಸಲ ನೋಡ್ಲಿಲ್ಲ. ಗಂಟೆ ಎತ್ತಿದ ಮೇಲೆ ಅವನು ಆ ಕಡೆ ವಾರೆಯಾಗಿ ತಿರುಗ್ತಾನಲ್ಲ, ಆಗ ಮೆಲ್ಲಗೆ ಅಂತಾನೆ. ಮಿನ್ನಿ ಇದ್ದಿದ್ರೆ ಎಷ್ಟು ನಗ್ತಿದ್ಲು, ಅಂತ. ಮಿನ್ನಿನೋ ಪಿನ್ನಿನೋ ಬಿನ್ನಿನೋ, ತುಟಿಗೆ ಮೂರೂ ಒಂದೇ. ಯಾರೋ ಒಬ್ಬಳು. ಆಮೇಲೆ ಬಂದ ಕಣ್ಣೀರು ಹೆಬ್ಬೆರಳದ್ದಲ್ಲ ಕಣೇ ಮಗಳೇ."

ಮುಂದಿನ ಶುಕ್ರವಾರ ಆಲ್ಮಾ ನಗು ಬಂದರೂ ಕೆನ್ನೆ ಕಚ್ಚಿ ಹಿಡಿದು ನೋಡಿದಳು. ತಾಯಿ ಹೇಳಿದ್ದು ನಿಜವಾಗಿತ್ತು. ಸುತ್ತಲೂ ನಾನೂರು ಜನ ನಗುತ್ತಿದ್ದರು. ಅವಳು ಮಾತ್ರ ತಾಯಿಯ ಕೈ ಹಿಡಿದುಕೊಂಡಳು.

ದೀಪ ಹತ್ತಿದಾಗ ಅವಳು ಹಿಂದೆ ತಿರುಗಿದಳು. ಕಟ್ಟಕಡೆಯ ಸಾಲಿನಲ್ಲಿ ಬೂದು ಕೋಟಿನ ಒಬ್ಬ ಮುದುಕ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕುಳಿತಿದ್ದ. ಕುರಿಯಂಥ ಉದ್ದ ಮುಖ. ಅವನ ಪಕ್ಕದಲ್ಲಿ ಕ್ರ್ಯಾಬ್‌ಟ್ರೀ, ತನ್ನ ಮನೆಯಲ್ಲಿ ಅತಿಥಿಗೆ ಅವಮಾನವಾಯಿತಲ್ಲ ಎಂಬ ಸಂಕಟದಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದ. ಕಂಪನಿಯವರು ಕಾಗದವನ್ನು ಟಿಡ್‌ಮಾರ್ಶ್‌ಗೆ ತೋರಿಸಿದ್ದರು. ಅವನು ಯಾರಿಗೂ ಹೇಳದೆ ರೈಲು ಹತ್ತಿ ಬಂದಿದ್ದ.

ಹೆಂಗಸರಿಗೆ ಗುರುತು ಸಿಕ್ಕಿತು. ಅಷ್ಟು ಹೊತ್ತು ನಕ್ಕ ಬಾಯಿಗಳೆಲ್ಲ ಮುಚ್ಚಿಕೊಂಡವು. ಹೊಟ್ಟೆಪಾಡಿಗೆ ದುಡಿಯುವ ಮನುಷ್ಯನ ಕೆಲಸವನ್ನು ಅವನೆದುರೇ ಹಾಳು ಮಾಡಿದೆವಲ್ಲ ಎಂದು ಎಲ್ಲರೂ ತಲೆ ತಗ್ಗಿಸಿದರು. ಟಿಡ್‌ಮಾರ್ಶ್ ಎದ್ದು ನಿಂತ. ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಎಳ್ಳಷ್ಟೂ ದನಿ ಹೊರಡಿಸದೆ, ಬರೀ ತುಟಿಯಲ್ಲಿ, ಅಚ್ಚ ಮಗ್ಗದ ಶೆಡ್ಡಿನ ಧಾಟಿಯಲ್ಲಿ, ತುಟಿಗಳನ್ನು ಅಗಲವಾಗಿ ಹಿಗ್ಗಿಸಿ ಹೇಳಿದ:

"ಕೇಳಿದ್ದಕ್ಕೆ ಉಪಕಾರ ತಾಯಂದಿರಾ. ಹೆಬ್ಬೆರಳು ಈಗ ಆರಾಮಾಗಿದೆ."

ಗ್ಲೋರಿಯಾದ ಚಾವಣಿ ಹಾರಿಹೋಗದಿದ್ದುದೇ ಹೆಚ್ಚು. ಕ್ರ್ಯಾಬ್‌ಟ್ರೀ ಮಾತ್ರ ಯಾರು ಏನಂದರೆಂದು ತಿಳಿಯದೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ. ನಿಂತಲ್ಲೇ ಕ್ಲಾರಿಸ್ ಅವನಿಗೆ ಕಥೆಯನ್ನೆಲ್ಲ ಹೇಳಿದಳು, ಆ ನಾಲ್ಕು ಮಾತು ಸೇರಿಸಿ. ಅವನ ಬೋ ಟೈ ವಾರೆಯಾಯಿತು.

ಗದ್ದಲದ ನಡುವೆ ಆ್ಯನಿಸ್ ಮಗಳ ತೋಳು ಹಿಡಿದು ಮುದುಕನ ಹತ್ತಿರ ಹೋದಳು. ಅವಳು ಕೂಡ ದನಿ ತೆಗೆಯಲಿಲ್ಲ.

"ಮಿನ್ನಿ ಯಾರಪ್ಪ?"

ಟಿಡ್‌ಮಾರ್ಶ್‌ನ ಮುಖದಲ್ಲಿದ್ದ ನಗು ಹಾಗೇ ನಿಂತಿತು. ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ನನ್ನ ಹೆಂಡತಿ," ಎಂದ.

"ನಾಳೆ ನಾಲ್ಕು ಗಂಟೆಗೆ ಚಹಾಕ್ಕೆ ಬಾ. ಕ್ಯಾನಲ್ ಬೀದಿ, ಹದಿನೇಳನೇ ಮನೆ," ಎಂದಳು ಆ್ಯನಿಸ್. ಬರುತ್ತೀಯಾ ಎಂದು ಕೇಳಲಿಲ್ಲ.

ಅವನು ಬಂದ. ಆಲ್ಮಾ ಬೆಳಿಗ್ಗೆಯಿಂದ ಹೊಸ್ತಿಲ ಕಲ್ಲು ಉಜ್ಜಿ, ಹಂದಿಮಾಂಸದ ಕಡುಬು ಮಾಡಿ, ಒಳ್ಳೆಯ ಬಟ್ಟಲುಗಳನ್ನು ಕೆಳಗಿಳಿಸಿದ್ದಳು. ಬೀದಿಯ ಕಿಟಕಿಗಳ ಪರದೆಗಳೆಲ್ಲ ಒಂದು ಬೆರಳಷ್ಟು ಸರಿದಿದ್ದವು. ಟಿಡ್‌ಮಾರ್ಶ್ ಅದನ್ನು ಗಮನಿಸಿ, ಬಾಗಿಲು ದಾಟುವಾಗ ಬೇಕೆಂದೇ ಎಡವಿದ. ಬೀದಿಗೆ ಬೀದಿಯೇ ಒಳಗೊಳಗೇ ನಕ್ಕಿತು.

ಕುಳಿತ ಮೇಲೆ ಅವನು ಹೇಳಿದ. ಮಿನ್ನಿ ಈ ಕಡೆಯವಳೇ, ಮೂರು ಊರಿನಾಚೆ ಮಗ್ಗದಲ್ಲಿದ್ದವಳು. ಹತ್ತೊಂಬತ್ತನೇ ವಯಸ್ಸಿಗೆ ಮಿಲ್ಲು ಬಿಟ್ಟು ಸಮುದ್ರದಂಡೆಯ ನಾಟಕಮಂಡಳಿ ಸೇರಿದಳು. ಇಪ್ಪತ್ತೆರಡು ವರ್ಷ ಇಬ್ಬರೂ ಜೋಡಿಯಾಗಿ ಜನರನ್ನು ನಗಿಸಿದರು.

"ನನಗೆ ಮಾತು ಮರೆತುಹೋಗೋದು ಜಾಸ್ತಿ ತಾಯಿ. ಅವಳು ಪರದೆ ಪಕ್ಕದಲ್ಲಿ ನಿಂತು ತುಟಿಯಲ್ಲೇ ಹೇಳಿಕೊಡ್ತಿದ್ಲು. ಮೊದಮೊದಲು ನನಗೆ ಅರ್ಥ ಆಗ್ತಿರ್ಲಿಲ್ಲ. 'ಕಣ್ಣಿರೋದು ಯಾಕೆ, ಕುರಿ ಮುಖದವನೇ?' ಅಂತ ಬೈದು ಬೈದು ಕಲಿಸಿದ್ಲು. ಆಮೇಲೆ ಹೇಗಾಯ್ತು ಅಂದ್ರೆ, ಮನೇಲೂ ನಾವು ದನಿ ತೆಗೀತಿರ್ಲಿಲ್ಲ. ಬಾಡಿಗೆ ಕೋಣೆ, ಗೋಡೆ ತೆಳು. ಜಗಳ ಕೂಡ ತುಟಿಯಲ್ಲೇ."

"ಯಾವಾಗ ಹೋದಳು?" ಆಲ್ಮಾ ಕೇಳಿದಳು.

"ಆ ದೃಶ್ಯ ತೆಗೆಯೋದಕ್ಕೆ ಎರಡು ತಿಂಗಳು ಮುಂಚೆ. ಗಂಟೆ ಇಳಿಸೋವಾಗ ಹಗ್ಗ ಜಾರಿ ನನ್ನ ಕಾಲ ಮೇಲೆ ಕೂತ್ಕೊಂತು. ಕೂಗಿದೆ, ಬೈದೆ. ಎತ್ತಿದ್ರು. ಆಗ ಇದ್ದಕ್ಕಿದ್ದ ಹಾಗೆ ಮನಸ್ಸಿಗೆ ಬಂತು, ಇದನ್ನ ಸಂಜೆ ಹೋಗಿ ಮಿನ್ನಿಗೆ ಹೇಳ್ಬೇಕು, ಹೊಟ್ಟೆ ಹಿಡ್ಕೊಂಡು ನಗ್ತಾಳೆ ಅಂತ. ಹಾಗೆ ಅಂದ್ಕೊಂಡ ಮೇಲೆ..." ಅವನು ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದ. "ಪತ್ರಿಕೆಯವರು ನಟನೆ ಅಂದ್ರು. ಸ್ಟುಡಿಯೋದವರು ಹೆಬ್ಬೆರಳು ಅಂದ್ರು. ನಾನೂ ಹೆಬ್ಬೆರಳೇ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ. ಅವಳು ಹೋದಾಗ ನಾನು ಅತ್ತಿರ್ಲಿಲ್ಲ ನೋಡಿ. ಮಣ್ಣು ಮಾಡೋವಾಗ್ಲೂ ಅಳು ಬರ್ಲಿಲ್ಲ."

ಆ್ಯನಿಸ್ ಅವನ ತುಟಿಯಿಂದ ಕಣ್ಣು ಕೀಳದೆ ಕೇಳಿದಳು, ಅಂದರೆ ನೋಡಿದಳು. ಆಮೇಲೆ ದನಿಯಿಲ್ಲದೆ ಏನೋ ಕೇಳಿದಳು. ಅವನು ದನಿಯಿಲ್ಲದೆ ಉತ್ತರ ಕೊಟ್ಟ. ಹೀಗೆ ಶುರುವಾದದ್ದು ಕತ್ತಲಾಗುವವರೆಗೂ ನಡೆಯಿತು. ಆ ಕೋಣೆಯಲ್ಲಿ ಒಲೆಯ ಕಲ್ಲಿದ್ದಲು ಚಟಗುಟ್ಟುವುದು ಬಿಟ್ಟರೆ ಸದ್ದಿರಲಿಲ್ಲ. ಆದರೂ ಅಷ್ಟು ಮಾತು ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಆಗಿರಲಿಲ್ಲ. ತಾಯಿ ತನ್ನ ಗಂಡನ ವಿಷಯ ಹೇಳುವುದನ್ನು ಆಲ್ಮಾ ಅವತ್ತೇ ಮೊದಲು ಕಂಡದ್ದು. ಹದಿನಾಲ್ಕನೇ ಇಸವಿಯ ಯುದ್ಧದಿಂದ ಎದೆ ಹಾಳುಮಾಡಿಕೊಂಡು ಬಂದು, ತೊಟ್ಟಿಲಲ್ಲಿದ್ದ ಮಗಳಿಗೆ ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚಿದವನು. ಅವನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲವಂತೆ, ಬರುತ್ತದೆಂದು ಹಟ ಹಿಡಿಯುತ್ತಿದ್ದನಂತೆ.

ಆಲ್ಮಾ ಪಾತ್ರೆ ತೊಳೆಯುವಾಗ ಟಿಡ್‌ಮಾರ್ಶ್ ಒರೆಸಲು ಬಂದ. ಅವಳ ಎಡಗಡೆ ನಿಂತು ಏನೋ ಅಂದ. ಅವಳಿಗೆ ಕೇಳಲಿಲ್ಲ. ಅವನು ಸುಮ್ಮನೆ ಬಲಗಡೆಗೆ ಬಂದು ನಿಂತ.

"ಎಷ್ಟು ದಿನ ಆಯ್ತು?"

ಅವಳು ತಟ್ಟೆ ಉಜ್ಜುತ್ತಲೇ ಇದ್ದಳು. "ಎರಡು ವರ್ಷ. ಅಮ್ಮನಿಗೆ ಹೇಳ್ಬೇಡಿ."

"ನಿಮ್ಮಮ್ಮ ಆಗ್ಲೇ ನನಗೆ ಹೇಳಿದ್ರು. ದಿನಾ ಬೆಳಿಗ್ಗೆ ಗಡಿಯಾರ ಹಿಡ್ಕೊಂಡು ನಿಂತಿರ್ತಾಳೆ ಹುಚ್ಚಿ, ಅಂದ್ರು."

ಆಲ್ಮಾಗೆ ಅಳುವೂ ಬಂತು, ನಗುವೂ ಬಂತು. ಅವನು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೇಳಿದ: "ನೋಡಮ್ಮ, ಲಂಡನ್ನಿನಲ್ಲಿ ಕಿವಿ ನೆಟ್ಟಗಿರೋ ಲಕ್ಷಾಂತರ ಜನ ಆ ಚಿತ್ರ ನೋಡಿದ್ರು. ನಾನು ಏನು ಹೇಳ್ದೆ ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ. ನಿಮ್ಮಮ್ಮನಿಗೆ ಗೊತ್ತಾಯ್ತು. ನಾನು ಇನ್ನೇನೂ ಹೇಳೋದಿಲ್ಲ."

ಅವನು ಭಾನುವಾರದ ರೈಲಿಗೆ ಹೋದ. ಎಂಟು ತಿಂಗಳ ನಂತರ ಅವನ ಇನ್ನೊಂದು ಚಿತ್ರ ಬಂತು. ಅದರಲ್ಲಿ ಅವನದು ಅಂಚೆಯವನ ಪಾತ್ರ. ನಾಯಿ ಅಟ್ಟಿಸಿಕೊಂಡು ಬಂದು, ಅವನು ಗಾಜಿನ ಬಾಗಿಲ ಒಳಗೆ ಸಿಕ್ಕಿಕೊಂಡು ಏನೋ ಕೂಗಾಡುತ್ತಾನೆ. ಗಾಜಿನ ಆಚೆಯಿಂದ ದನಿ ಕೇಳುವುದಿಲ್ಲ. ಹೇಡನ್‌ಶಾದ ಹೆಂಗಸರಿಗೆ ಕೇಳಿತು. "ಕ್ಲಾರಿಸ್, ಟೋಪಿ ತೆಗೆಯೇ, ಹಿಂದಿನವರಿಗೆ ಕಾಣ್ಬೇಡ್ವಾ?" ಕ್ಲಾರಿಸ್ ಕಿರುಚಿ ಟೋಪಿ ತೆಗೆದೇಬಿಟ್ಟಳು. ಅಲ್ಲಿಂದ ಮುಂದೆ ಇದೊಂದು ವ್ರತದಂತಾಯಿತು. ಅವನ ಪ್ರತಿಯೊಂದು ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ, ರೈಲಿನ ಕಿಟಕಿಯಾಚೆಯೋ ಬ್ಯಾಂಡಿನ ಗದ್ದಲದ ನಡುವೆಯೋ, ಮಗ್ಗದವರಿಗೆಂದೇ ಒಂದು ಮಾತು ಇರುತ್ತಿತ್ತು. ಒಮ್ಮೆ ಮಿಲ್ಲಿನ ಮೇಸ್ತ್ರಿಯನ್ನು ಹೆಸರು ಹಿಡಿದು ವಿಚಾರಿಸಿಕೊಂಡ. ಒಮ್ಮೆ ಬಿಷಪ್ಪನ ವೇಷದಲ್ಲಿ ಕೈಯೆತ್ತಿ ಆಶೀರ್ವಾದ ಮಾಡುತ್ತ, ಆಲ್ಮಾ ಮಾಡಿದ ಕಡುಬಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತೆಂದ. ಆಲ್ಮಾ ಒಂದು ವಾರ ಮುಖ ಊದಿಸಿಕೊಂಡಿದ್ದಳು. ನಿರ್ದೇಶಕರಿಗಾಗಲಿ ಕಂಪನಿಗಾಗಲಿ ಇದು ಕೊನೆಗೂ ಗೊತ್ತಾಗಲಿಲ್ಲ. ಕ್ರ್ಯಾಬ್‌ಟ್ರೀ ಗುಟ್ಟು ಕಾಪಾಡಿದ. ಅಷ್ಟೇ ಅಲ್ಲ, ಐವತ್ತರ ವಯಸ್ಸಿನಲ್ಲಿ ಆಲ್ಮಾಳ ಹತ್ತಿರ ತುಟಿ ಓದುವುದನ್ನು ಕಲಿಯಲು ಕುಳಿತ. ಆರು ತಿಂಗಳು ಒದ್ದಾಡಿದ. ಎಲ್ಲ ಮಾತೂ ಅವನಿಗೆ 'ಬೆಣ್ಣೆ' ಎಂದೇ ಕಾಣುತ್ತಿತ್ತು.

ವರ್ಷಕ್ಕೊಮ್ಮೆ, ಮಿಲ್ಲಿಗೆ ಬಾಗಿಲು ಹಾಕಿ ಊರಿಗೆ ಊರೇ ಸಮುದ್ರದಂಡೆಗೆ ಹೋಗುವ ರಜೆಯ ವಾರದಲ್ಲಿ, ಟಿಡ್‌ಮಾರ್ಶ್ ಅಲ್ಲಿಗೆ ಬಂದು ತಾಯಿ ಮಗಳ ಜೊತೆ ಮಡಿಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಮುದುಕ ಮುದುಕಿ ಗಾಳಿಗೆ ಎದುರಾಗಿ ಕುಳಿತು, ಹಾದುಹೋಗುವವರನ್ನೆಲ್ಲ ಸದ್ದಿಲ್ಲದೆ ಆಡಿಕೊಳ್ಳುವರು. ಜನಕ್ಕೆ ಅವರು ಏನನ್ನೋ ಅಗಿಯುತ್ತಿರುವ ಹಾಗೆ ಕಾಣುತ್ತಿತ್ತು.

ಅರವತ್ತೊಂದರ ಚಳಿಗಾಲದಲ್ಲಿ ಆ್ಯನಿಸ್ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿ ಉಸಿರಿಗೆ ಕಷ್ಟವಾಗಿತ್ತು. ತುಟಿ ಒಣಗಿ ಮಾತು ಅಸ್ಪಷ್ಟವಾಗಿತ್ತು. ಟಿಡ್‌ಮಾರ್ಶ್ ಬಂದು ಮೂರು ದಿನ ಪಕ್ಕದಲ್ಲಿ ಕುಳಿತ. ಎಪ್ಪತ್ತರ ಹತ್ತಿರದವನು, ಅವನಿಗೂ ಕೋಲು ಬಂದಿತ್ತು. ಅವಳಿಗೆ ತಾನು ಬಿದ್ದ ಕೆರೆಗಳ ಕಥೆಯನ್ನೆಲ್ಲ ವರ್ಷದ ಲೆಕ್ಕದಲ್ಲಿ ಹೇಳಿದ. ಮೂರನೆಯ ದಿನ ಮಧ್ಯಾಹ್ನ ಆ್ಯನಿಸ್ ಏನೋ ಹೇಳಿದಳು. ಆಲ್ಮಾಗೂ ಅದನ್ನು ಓದಲಾಗಲಿಲ್ಲ. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಜೋರಾಗಿ ನಕ್ಕ.

"ಏನಂದ್ರು?"

"ಇಷ್ಟು ನೀರಿಗೆ ಬಿದ್ದವನು ಒಂದು ಸಲವಾದ್ರೂ ಕಿವಿ ತೊಳ್ಕೊಂಡ್ಯಾ, ಅಂದ್ರು."

ಸಂಜೆಗೆ ಅವಳು ಹೋದಳು. ಈ ಸಲ ಟಿಡ್‌ಮಾರ್ಶ್ ಯಾರಿಗೂ ನಾಚದೆ ಅತ್ತ. ಊರಿನ ಸಣ್ಣ ಚರ್ಚಿನ ಹಜಾರದಲ್ಲಿ ಮಣ್ಣು ಮಾಡಿದ ದಿನದ ಊಟಕ್ಕೆ ಕುಳಿತಾಗ, ಮಿಲ್ಲಿನ ಹೆಂಗಸರು ಅವನನ್ನು ಮನೆಯವರ ಸಾಲಿನಲ್ಲಿ ಕೂರಿಸಿದರು.

ಅದಾಗಿ ಮೂರು ವರ್ಷಕ್ಕೆ ಮಿಲ್ಲು ಮುಚ್ಚಿತು. ಮಗ್ಗಗಳನ್ನು ಒಡೆದು ಗುಜರಿಗೆ ಸಾಗಿಸಿದರು. ಆಲ್ಮಾಗೆ ಆ ಮೌನವೇ ತಡೆಯಲಾಗದಾಯಿತು. ಬಲಗಿವಿಯೂ ಆಗ ಅರ್ಧ ಹೋಗಿತ್ತು. ನಲವತ್ತೈದು ದಾಟಿದ ಕಿವುಡಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಅವಳು ಕುಳಿತಿರುವಾಗ ಟಿಡ್‌ಮಾರ್ಶ್‌ನ ಕಾಗದ ಬಂತು. ಕಡಲ ಕಡೆಯ ಒಂದು ಊರಿನಲ್ಲಿ ಕಿವುಡ ಮಕ್ಕಳ ವಸತಿಶಾಲೆ ಇದೆ. ತುಟಿ ಓದುವುದನ್ನು ಕಲಿಸುವವರು ಅವರಿಗೆ ಬೇಕು. ಪುಸ್ತಕದಿಂದ ಕಲಿತವರಲ್ಲ, ಅದರಲ್ಲೇ ಬದುಕಿದವರು ಸಿಕ್ಕರೆ ಒಳ್ಳೆಯದೆಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದಾರೆ. ನಿನ್ನ ಹೆಸರು ಕೊಟ್ಟಿದ್ದೇನೆ, ಕೇಳದೆ ಕೊಟ್ಟೆನೆಂದು ಬೈಯಬೇಡ.

ಆಲ್ಮಾ ಬೈದಳು, ಎರಡು ಪುಟ. ಆಮೇಲೆ ಪೆಟ್ಟಿಗೆ ಕಟ್ಟಿದಳು.

ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಊಟದ ಹಜಾರದ ಕಿಟಕಿಗಳಿಗೆ ಕಂಬಳಿ ಕಟ್ಟಿ ಸಿನಿಮಾ ತೋರಿಸುವ ಪದ್ಧತಿಯನ್ನು ಅವಳೇ ಶುರುಮಾಡಿದಳು. ಕ್ರ್ಯಾಬ್‌ಟ್ರೀ ಗ್ಲೋರಿಯಾದಿಂದ ನಿವೃತ್ತನಾದ ಮೇಲೆ ಪ್ರೊಜೆಕ್ಟರ್ ನಡೆಸಲು ಬಸ್ಸು ಹತ್ತಿ ಬರುತ್ತಿದ್ದ. ಮೊದಲ ಶನಿವಾರ ಗೋಡೆಗೆ ಬಿಳಿ ಹಾಸು ಹೊಡೆದು, ಅರವತ್ತು ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಕಥಾನಾಯಕಿ ಚೆಲುವೆಯಾಗಿರುವ ಒಂದು ನಗೆಚಿತ್ರ ಹಾಕಿದರು. ಹತ್ತು ನಿಮಿಷವಾಗಿರಬೇಕು. ಮುಂದಿನ ಸಾಲಿನಿಂದ ರೋವೀನಾ ಎಂಬ ಒಂಬತ್ತು ವರ್ಷದ ಕೆಂಪು ಕೂದಲಿನ ಹುಡುಗಿ ಎದ್ದು, ಬೆಳಕಿನ ಕಿರಣವನ್ನು ತಲೆಯಿಂದ ಸೀಳಿಕೊಂಡು ಆಲ್ಮಾಳ ಎದುರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಿಸ್, ಆ ಹೀರೋಯಿನ್ ಸರಿಯಾಗಿ ಬಾಯಿ ಬಿಡೋದಿಲ್ಲ. ಬರೀ ತುಟಿ ಚೂಪು ಮಾಡ್ತಾಳೆ. ಏನಂತಾಳೋ ಒಂದೂ ಗೊತ್ತಾಗಲ್ಲ. ಅವಳನ್ನ ತೆಗೆದುಹಾಕಿ."

"ತೆಗೆದುಹಾಕಿದ್ರೆ ಕಥೆ ಹೇಗೆ ನಡೆಯುತ್ತೆ?" ಎಂದಳು ಆಲ್ಮಾ.

ಹುಡುಗಿ ತೆರೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಆ ಹೊತ್ತಿಗೆ ದಪ್ಪ ಪೊಲೀಸಿನವನೊಬ್ಬ ಸೈಕಲ್ ಸಮೇತ ಬೇಲಿ ಹಾರುವ ಪ್ರಯತ್ನದಲ್ಲಿದ್ದ. ಬೇಲಿಯಾಚೆ ಪಾದ್ರಿಯ ಹೆಂಡತಿ ಬಾಯಿ ಅಗಲವಾಗಿ ತೆರೆದು ಅವನನ್ನು ಬೈಯುತ್ತಿದ್ದಳು.

"ಅವನು ಮದುವೆ ಆಗ್ಲಿ, ಪಾದ್ರಿ ಹೆಂಡತೀನ," ಎಂದು ತೀರ್ಪು ಕೊಟ್ಟು ರೋವೀನಾ ತನ್ನ ಜಾಗಕ್ಕೆ ಹೋಗಿ ಕುಳಿತಳು.